ಇಬಿ-5 ಹಾಕಿ ಕಾಯ್ತಾ ಇದ್ದೀರಾ? ವೀಸಾ ಬ್ಯಾಕ್‌ಲಾಗ್‌ನಿಂದ ನಿಮ್ಮ ಫೈಲ್‌ಗೆ ಏನಾಗತ್ತೆ, ಕಾಯೋವಾಗ ಏನೇನು ಮಾಡ್ಬೇಕು

ಅಮೆರಿಕದ ಇನ್ವೆಸ್ಟರ್ ಗ್ರೀನ್ ಕಾರ್ಡ್, ಅಂದ್ರೆ ಇಬಿ-5ಗೆ ದುಡ್ಡು ಹಾಕಿ ಕಾಯ್ತಾ ಇರೋ ನಮ್ಮವರು ಎರಡು ಥರ ಇದ್ದಾರೆ. ಅಲ್ಲೇ ಎಚ್-1ಬಿ ಮೇಲೆ ಕೆಲಸ ಮಾಡ್ಕೊಂಡು, ಕಂಪನಿ ಮೂಲಕ ಸಿಗೋ ಇಬಿ-2 ಗ್ರೀನ್ ಕಾರ್ಡ್ ಕ್ಯೂ ಈ ಜನ್ಮದಲ್ಲಿ ಮುಗಿಯಲ್ಲ ಅಂತ ಸಾಕಾಗಿ ಇದಕ್ಕೆ ಬಂದವರು ಕೆಲವರು, ಇನ್ನು ಕೆಲವರು ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಕಡೆ ಇದ್ಕೊಂಡೇ ಮಕ್ಕಳ ಭವಿಷ್ಯಕ್ಕೆ ಅಂತ ಸೈಟೋ ಜಮೀನೋ ಮಾರಿ ಹಾಕಿದವರು. ಇಬ್ಬರೂ ಕೇಳೋದು ಒಂದೇ: ವೀಸಾ ಬುಲೆಟಿನ್‌ನಲ್ಲಿ (ಯಾರ ಸರದಿ ಎಲ್ಲಿವರೆಗೆ ಬಂದಿದೆ ಅಂತ ಪ್ರತಿ ತಿಂಗಳು ಹೇಳೋ ಪಟ್ಟಿ) ಇಂಡಿಯಾ ಡೇಟ್ ಹಿಂದೆ ಹೋಯ್ತಂತೆ, ನಮ್ಮ ಫೈಲ್ ಕಥೆ ಏನು? ಲಾಯರ್‌ಗೆ ಮೇಲ್ ಹಾಕಿದ್ರೆ ಎರಡು ಸಾಲಿನ ಉತ್ತರ ಬರತ್ತೆ, ಏಜೆಂಟ್‌ಗೆ ಫೋನ್ ಮಾಡಿದ್ರೆ "ಏನೂ ಯೋಚನೆ ಮಾಡ್ಬೇಡಿ ಸಾರ್" ಅಂತಾನೆ. ಎಂಟು ಲಕ್ಷ ಡಾಲರ್ ಹಾಕಿದವರು ಯೋಚನೆ ಮಾಡ್ದೆ ಇರೋಕಾಗತ್ತಾ? ಅದಕ್ಕೇ ಸ್ವಲ್ಪ ಬಿಡಿಸಿ ಬರೀತಾ ಇದೀನಿ, ಉದ್ದ ಆಗತ್ತೆ, ತಾಳ್ಮೆಯಿಂದ ಓದಿ, ನಿಮಗೆ ಸಂಬಂಧಪಟ್ಟಿದ್ದನ್ನ ಒಂದು ಕಡೆ ಬರ್ಕೊಳ್ಳಿ.

ಮೊದಲು ಒಂದು ವಿಷಯ ಕ್ಲಿಯರ್ ಆಗ್ಬೇಕು, ಇಲ್ಲಿ ಇರೋದು ಎರಡು ಕ್ಯೂ. ತಿರುಪತಿಲಿ ಟೋಕನ್ ತಗೊಳ್ಳೋ ಕ್ಯೂ ಬೇರೆ, ದರ್ಶನದ ಕ್ಯೂ ಬೇರೆ ಇರೋ ಹಾಗೆ. ಒಂದನೇದು ಯುಎಸ್‌ಸಿಐಎಸ್, ಅಂದ್ರೆ ಅಮೆರಿಕದ ಇಮಿಗ್ರೇಶನ್ ಇಲಾಖೆ, ನಿಮ್ಮ ಐ-526 ಅಥವಾ ಐ-526ಇ (ಇಬಿ-5ಗೆ ಇನ್ವೆಸ್ಟರ್ ಹಾಕೋ) ಪಿಟಿಶನ್ ತೆಗೆದು ಓದಿ, ದುಡ್ಡಿನ ಮೂಲ ಸರಿ ಇದೆಯಾ, ಪ್ರಾಜೆಕ್ಟ್‌ನಲ್ಲಿ ಹತ್ತು ಜನಕ್ಕೆ ಕೆಲಸ ಸಿಗತ್ತಾ ಅಂತ ನೋಡೋ ಕ್ಯೂ. ಎರಡನೇದು ಪಿಟಿಶನ್ ಅಪ್ರೂವ್ ಆದ್ಮೇಲೂ ವೀಸಾ ನಂಬರ್ ಖಾಲಿ ಇದ್ರೆ ಮಾತ್ರ ಗ್ರೀನ್ ಕಾರ್ಡ್ ಕೊಡೋ ಕ್ಯೂ, ಇದರ ಲೆಕ್ಕ ಇಡೋದು ಸ್ಟೇಟ್ ಡಿಪಾರ್ಟ್‌ಮೆಂಟ್, ಅಂದ್ರೆ ಅವರ ವಿದೇಶಾಂಗ ಇಲಾಖೆ. ಬ್ಯಾಕ್‌ಲಾಗ್ ಅಂತ ಜನ ಎರಡಕ್ಕೂ ಹೇಳ್ತಾರೆ, ಅಲ್ಲೇ ಗೊಂದಲ ಶುರುವಾಗೋದು. ಮೊದಲನೇ ಕ್ಯೂ ವಿಪರೀತ ನಿಧಾನ ಆದ್ರೆ ಫೆಡರಲ್ ಕೋರ್ಟ್‌ನಲ್ಲಿ ಮ್ಯಾಂಡಮಸ್ ಕೇಸ್ ಹಾಕಿ "ಏನೋ ಒಂದು ನಿರ್ಧಾರ ತಗೊಳ್ಳಿ" ಅಂತ ಕೇಳೋಕೆ ದಾರಿ ಇದೆ, ಆದ್ರೆ ಎರಡನೇ ಕ್ಯೂಗೆ ಆ ಕೇಸ್‌ನಿಂದ ಏನೂ ಆಗಲ್ಲ, ಕಾನೂನಲ್ಲೇ ಇಲ್ಲದ ನಂಬರನ್ನ ಜಡ್ಜ್ ಎಲ್ಲಿಂದ ಕೊಡಿಸ್ತಾರೆ. ಆದ್ದರಿಂದ ಯಾರಾದ್ರೂ "ಕೇಸ್ ಹಾಕಿ, ಬೇಗ ಆಗತ್ತೆ" ಅಂದ್ರೆ ನೀವು ಯಾವ ಕ್ಯೂನಲ್ಲಿ ಸಿಕ್ಕಿಹಾಕೊಂಡಿದ್ದೀರಿ ಅಂತ ಮೊದಲು ನೋಡ್ಕೊಳ್ಳಿ, ಆಮೇಲೆ ಫೀಸು.

ನಂಬರ್ ಲೆಕ್ಕ ಹೀಗಿದೆ. ವರ್ಷಕ್ಕೆ ಇಬಿ-5ಗೆ ಸುಮಾರು 10,000 ವೀಸಾ, ಅವರ ವರ್ಷ ಅಕ್ಟೋಬರ್ 1ಕ್ಕೆ ಶುರು, ಸೆಪ್ಟೆಂಬರ್ 30ಕ್ಕೆ ಕೊನೆ. ಈ ಹತ್ತು ಸಾವಿರದಲ್ಲಿ ಹೆಂಡತಿ ಮಕ್ಕಳೂ ಸೇರ್ತಾರೆ, ಒಬ್ಬ ಇನ್ವೆಸ್ಟರ್‌ಗೆ ಒಂದು ವೀಸಾ ಅಲ್ಲ, ನಾಲ್ಕು ಜನರ ಕುಟುಂಬಕ್ಕೆ ನಾಲ್ಕು. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ, ಅಂದ್ರೆ ಸುಮಾರು 700. ಮೂರು ಜನರ ಕುಟುಂಬ ಅಂತ ಇಟ್ಕೊಂಡ್ರೆ ವರ್ಷಕ್ಕೆ ಇನ್ನೂರ ಮೂವತ್ತು ಚಿಲ್ಲರೆ ಇಂಡಿಯನ್ ಕುಟುಂಬ ಅಷ್ಟೇ. ಬೇರೆ ದೇಶದವರು ಬಳಸದೆ ಉಳಿದದ್ದು ಹಳೇ ಡೇಟ್ ಇರೋರಿಗೆ ಹೋಗತ್ತೆ, ಅಲ್ಲಿ ಚೀನಾದವರು ನಮಗಿಂತ ಎಷ್ಟೋ ವರ್ಷ ಮುಂಚಿಂದ ನಿಂತಿದ್ದಾರೆ.

2022ರ ಮಾರ್ಚ್ 15ಕ್ಕೆ ಹೊಸ ಕಾನೂನು ಬಂತು, ಎಲ್ಲರೂ ಆರ್‌ಐಎ ಅಂತಾರೆ. ಅದರಲ್ಲಿ ಈ ಹತ್ತು ಸಾವಿರವನ್ನ ಒಡೆದ್ರು. ಶೇಕಡಾ 20 ಗ್ರಾಮೀಣ ಪ್ರಾಜೆಕ್ಟ್‌ಗೆ, 10 ನಿರುದ್ಯೋಗ ಜಾಸ್ತಿ ಇರೋ ಜಾಗದ ಪ್ರಾಜೆಕ್ಟ್‌ಗೆ, 2 ಇನ್‌ಫ್ರಾಸ್ಟ್ರಕ್ಚರ್‌ಗೆ, ಈ ಮೂರಕ್ಕೂ ಸೆಟ್-ಅಸೈಡ್ ಅನ್ನೋದು. ಮಿಕ್ಕ 68 ಅನ್‌ರಿಸರ್ವ್ಡ್. ಸೆಟ್-ಅಸೈಡ್‌ಗೆ ಕನಿಷ್ಠ 8 ಲಕ್ಷ ಡಾಲರ್, ಮಾಮೂಲಿ ಪ್ರಾಜೆಕ್ಟ್‌ಗೆ ಹತ್ತೂವರೆ ಲಕ್ಷ ಡಾಲರ್. 2022ಕ್ಕಿಂತ ಮುಂಚೆ ಹಾಕಿದವರೆಲ್ಲ ಅನ್‌ರಿಸರ್ವ್ಡ್‌ನಲ್ಲೇ ಇದ್ದಾರೆ. ಅವರು "ನಮ್ಮ ಪ್ರಾಜೆಕ್ಟೂ ಹಳ್ಳಿ ಕಡೆಯದೇ, ಗ್ರಾಮೀಣಕ್ಕೆ ಹಾಕಿ" ಅಂತ ಕೇಳೋ ಹಾಗಿಲ್ಲ, ಹೊಸದಾಗಿ ಹಣ ಹಾಕಿ ಹೊಸ ಪಿಟಿಶನ್ ಕೊಟ್ರೆ ಮಾತ್ರ.

ಬುಲೆಟಿನ್ ಓದೋದು ಹೇಗೆ

ಸ್ಟೇಟ್ ಡಿಪಾರ್ಟ್‌ಮೆಂಟ್ ಪ್ರತಿ ತಿಂಗಳು ಮುಂದಿನ ತಿಂಗಳ ವೀಸಾ ಬುಲೆಟಿನ್ ಹಾಕತ್ತೆ. ವಾಟ್ಸಾಪ್‌ನಲ್ಲಿ ಬರೋ ಸ್ಕ್ರೀನ್‌ಶಾಟ್ ನಂಬ್ಕೊಂಡು ಕೂರ್ಬೇಡಿ, ನೀವೇ ತೆಗೆದು ನೋಡಿ, ಐದು ನಿಮಿಷದ ಕೆಲಸ. ಎಂಪ್ಲಾಯ್‌ಮೆಂಟ್ ಭಾಗದಲ್ಲಿ ಎರಡು ಟೇಬಲ್ ಇರತ್ತೆ. ಮೊದಲನೇದು ಫೈನಲ್ ಆಕ್ಷನ್ ಡೇಟ್ಸ್, ಗ್ರೀನ್ ಕಾರ್ಡ್ ಕೈಗೆ ಸಿಗ್ಬೇಕಾದ್ರೆ ಇದೇ ಮುಖ್ಯ. ಎರಡನೇದು ಡೇಟ್ಸ್ ಫಾರ್ ಫೈಲಿಂಗ್, ಇದು ಅರ್ಜಿ ಹಾಕೋಕೆ ಮಾತ್ರ, ಅದೂ ಆ ತಿಂಗಳು ಈ ಟೇಬಲ್ ಬಳಸ್ಬಹುದು ಅಂತ ಯುಎಸ್‌ಸಿಐಎಸ್ ತನ್ನ ಸೈಟಲ್ಲಿ ಹೇಳಿದ್ರೆ. ಟೇಬಲ್‌ನ ಕೆಳಗಡೆ ಐದನೇ ಕ್ಯಾಟಗರಿಯ ನಾಲ್ಕು ಸಾಲು ಸಿಗತ್ತೆ, ಅನ್‌ರಿಸರ್ವ್ಡ್, ರೂರಲ್, ಹೈ ಅನ್‌ಎಂಪ್ಲಾಯ್‌ಮೆಂಟ್, ಇನ್‌ಫ್ರಾಸ್ಟ್ರಕ್ಚರ್. ನಿಮ್ಮ ಸಾಲಲ್ಲೇ ಬೆರಳಿಟ್ಟು ಇಂಡಿಯಾ ಅನ್ನೋ ಕಾಲಂಗೆ ಬನ್ನಿ. ಅಲ್ಲಿ ಸಿ ಅನ್ನೋ ಅಕ್ಷರ ಇದ್ರೆ ಕರೆಂಟ್, ಕ್ಯೂ ಇಲ್ಲ. ಯು ಇದ್ರೆ ಆ ತಿಂಗಳು ಯಾರಿಗೂ ಇಲ್ಲ. ತಾರೀಕು ಇದ್ರೆ ನಿಮ್ಮ ಪ್ರಯಾರಿಟಿ ಡೇಟ್ ಅದಕ್ಕಿಂತ ಮುಂಚಿನದಾಗಿರ್ಬೇಕು, ಅದೇ ತಾರೀಕು ಆಗಿದ್ರೂ ಸಾಲದು, ಒಂದು ದಿನ ಮುಂಚೆ ಆದ್ರೂ ಇರ್ಬೇಕು.

ಪ್ರಯಾರಿಟಿ ಡೇಟ್ ಅಂದ್ರೆ ನಿಮ್ಮ ಐ-526 ಅಥವಾ ಐ-526ಇ ಯುಎಸ್‌ಸಿಐಎಸ್‌ಗೆ ಸರಿಯಾಗಿ ಸೇರಿದ ದಿನ, ಐ-797 ರಸೀದಿಲಿ ಅಚ್ಚಾಗಿರತ್ತೆ. ಇಬಿ-2ನಲ್ಲಿ ನನಗೆ 2014ರ ಡೇಟ್ ಇದೆ, ಅದನ್ನ ಇಲ್ಲಿಗೆ ತರಬಹುದಾ ಅಂತ ತುಂಬಾ ಜನ ಕೇಳ್ತಾರೆ. ಆಗಲ್ಲ. ಇಬಿ-1, 2, 3ರ ಮಧ್ಯೆ ಡೇಟ್ ಸಾಗಿಸ್ಬಹುದು, ಇಬಿ-5 ಆ ಗುಂಪಿಗೆ ಸೇರಲ್ಲ. ಹಾಗಂತ ಇಬಿ-2 ಫೈಲ್ ಬಿಟ್ಟುಬಿಡಿ ಅಂತಲ್ಲ, ಅದರ ಬೆಲೆ ಮುಂದೆ ಹೇಳ್ತೀನಿ.

ಇನ್ನು ಡೇಟ್ ಹಿಂದೆ ಹೋಗೋದು. 2025ರ ಏಪ್ರಿಲ್ ಬುಲೆಟಿನ್ ನೆನಪಿರೋರಿಗೆ ಹೊಟ್ಟೆ ಈಗಲೂ ಚುರ್ ಅನ್ನತ್ತೆ. ಅನ್‌ರಿಸರ್ವ್ಡ್ ಇಂಡಿಯಾ 2022ರ ಜನವರಿ 1ರಲ್ಲಿ ಇದ್ದದ್ದು ಒಂದೇ ಸಲ 2019ರ ನವೆಂಬರ್ 1ಕ್ಕೆ ಬಿತ್ತು, ಚೀನಾ 2016ರ ಜುಲೈನಿಂದ 2014ರ ಜನವರಿಗೆ. ಇಂಡಿಯಾ ಡೇಟ್ 2019ರ ನವೆಂಬರ್ ಹತ್ರ ಬಿದ್ದಿದ್ದಕ್ಕೆ ಒಂದು ಹಿನ್ನೆಲೆ ಇದೆ. ಆ ವರ್ಷ ನವೆಂಬರ್ 21ಕ್ಕೆ ಕನಿಷ್ಠ ಮೊತ್ತ 5 ಲಕ್ಷ ಡಾಲರ್‌ನಿಂದ 9 ಲಕ್ಷಕ್ಕೆ ಏರ್ತಿತ್ತು, ಏರೋ ಮುಂಚೆ ಹಾಕ್ಬಿಡೋಣ ಅಂತ ಜನ ಮುಗಿಬಿದ್ದು ಫೈಲ್ ಮಾಡಿದ್ರು. ಆ ನೂಕುನುಗ್ಗಲು ಐದಾರು ವರ್ಷ ಆದ್ಮೇಲೆ ವೀಸಾ ಕ್ಯೂನಲ್ಲಿ ಗೋಡೆ ಥರ ಎದ್ದು ನಿಲ್ತು. ಆಮೇಲೆ 2025ರ ಅಕ್ಟೋಬರ್‌ಗೆ ಹೊಸ ವರ್ಷದ ನಂಬರ್ ಬಂದ ಹಾಗೆ ಡೇಟ್ ಮತ್ತೆ ಮುಂದಕ್ಕೆ ಬಂತು. ವರ್ಷದ ಚಾಲ್ತಿ ಹೀಗೇ ಇರತ್ತೆ, ಅಕ್ಟೋಬರ್‌ನಲ್ಲಿ ಜಿಗಿಯತ್ತೆ, ಜುಲೈ ಆಗಸ್ಟ್ ಹೊತ್ತಿಗೆ ಎಳೆಯತ್ತೆ, ಸೆಪ್ಟೆಂಬರ್‌ನಲ್ಲಿ ಮುಗಿದೇ ಹೋಗ್ಬಹುದು. ಆದ್ದರಿಂದ ಒಂದು ತಿಂಗಳ ಬುಲೆಟಿನ್ ನೋಡಿ ಕುಣಿಯೋದೂ ಬೇಡ, ಎದೆ ಒಡ್ಕೊಳ್ಳೋದೂ ಬೇಡ.

2025ರ ಉದ್ದಕ್ಕೂ ಮೂರೂ ಸೆಟ್-ಅಸೈಡ್ ಕರೆಂಟ್ ಆಗೇ ಇತ್ತು. ಆದ್ರೆ ಇದು ಶಾಶ್ವತ ಅಂತ ಯಾರಾದ್ರೂ ಮಾರಿದ್ರೆ ನಂಬ್ಬೇಡಿ. ಗ್ರಾಮೀಣದಲ್ಲಿ ವರ್ಷಕ್ಕೆ ಸುಮಾರು 2,000, ನಿರುದ್ಯೋಗದ ಜಾಗಕ್ಕೆ ಸುಮಾರು 1,000, ಅಷ್ಟೇ ಇರೋದು, ಬಳಸದೆ ಉಳಿದ್ರೆ ಇನ್ನೊಂದು ವರ್ಷ ಅದೇ ಡಬ್ಬಿಲಿ ಇರತ್ತೆ, ಆಮೇಲೆ ಅನ್‌ರಿಸರ್ವ್ಡ್‌ಗೆ ಹೋಗತ್ತೆ. ಇದರ ಮೇಲೆ 2026ರ ಸೆಪ್ಟೆಂಬರ್ 30ರ ಒಳಗೆ ಫೈಲ್ ಆದ ಪಿಟಿಶನ್‌ಗಳಿಗೆ ಮುಂದೆ ರೀಜನಲ್ ಸೆಂಟರ್ (ಇನ್ವೆಸ್ಟರ್‌ಗಳ ಹಣ ಒಟ್ಟುಗೂಡಿಸಿ ಪ್ರಾಜೆಕ್ಟ್‌ಗೆ ಹಾಕಿಸೋ ಸಂಸ್ಥೆ) ಕಾನೂನು ಮುಗಿದುಹೋದ್ರೂ ರಕ್ಷಣೆ ಇದೆ ಅಂತ ಆರ್‌ಐಎ ಹೇಳತ್ತೆ, 2027ರ ಜನವರಿ 1ಕ್ಕೆ ಬೆಲೆ ಏರಿಕೆಗೆ ತಕ್ಕ ಹಾಗೆ ಮೊತ್ತ ಬೇರೆ ಪರಿಷ್ಕರಣೆ ಆಗ್ಬೇಕು. ಎರಡು ಗಡುವು ಒಟ್ಟಿಗೆ ಬಂದ್ರೆ 2019ರ ಥರಾನೇ ಜನ ನುಗ್ತಾರೆ, ನನ್ನ ಲೆಕ್ಕದಲ್ಲಿ ಸೆಟ್-ಅಸೈಡ್‌ಗೂ ತಾರೀಕು ಬೀಳೋದನ್ನ ಮನಸಲ್ಲಿ ಇಟ್ಕೊಂಡೇ ಪ್ಲಾನ್ ಮಾಡೋದು ಒಳ್ಳೇದು.

ನೀವು ಅಮೆರಿಕದಲ್ಲೇ ಇದ್ದು ಐ-485 ಹಾಕಿದ್ರೆ

ಆರ್‌ಐಎ ಮಾಡಿದ ದೊಡ್ಡ ಉಪಕಾರ ಇದು. ನಿಮ್ಮ ಕ್ಯಾಟಗರಿಲಿ ವೀಸಾ ಲಭ್ಯ ಇದ್ರೆ ಐ-526ಇ ಜೊತೆಗೇ ಐ-485 (ಅಮೆರಿಕದಲ್ಲಿ ಇದ್ಕೊಂಡೇ ಹಾಕೋ ಗ್ರೀನ್ ಕಾರ್ಡ್ ಅರ್ಜಿ) ಹಾಕ್ಬಹುದು, ಅದರ ಮೇಲೆ ಕೆಲಸದ ಪರ್ಮಿಟ್ ಇಎಡಿ, ಹೊರದೇಶಕ್ಕೆ ಹೋಗಿ ಬರೋಕೆ ಅಡ್ವಾನ್ಸ್ ಪೆರೋಲ್ ಸಿಗತ್ತೆ. ಐ-485 ಹಾಕಿದ್ಮೇಲೆ ಡೇಟ್ ಹಿಂದೆ ಹೋದ್ರೆ ಅರ್ಜಿ ರಿಜೆಕ್ಟ್ ಆಗಲ್ಲ, ವಾಪಸ್ ಬರಲ್ಲ, ಹಾಗೇ ಪೆಂಡಿಂಗ್ ಇರತ್ತೆ. ಇಎಡಿ ರಿನ್ಯೂ ಆಗತ್ತೆ, ಅಡ್ವಾನ್ಸ್ ಪೆರೋಲ್ ರಿನ್ಯೂ ಆಗತ್ತೆ, ನಿಂತಿರೋದು ಗ್ರೀನ್ ಕಾರ್ಡ್ ಮಾತ್ರ. ಇಬಿ-5ಗೆ ಎಂಪ್ಲಾಯರ್ ಇಲ್ಲವಾದ್ದರಿಂದ ಇಎಡಿ ಮೇಲೆ ಯಾವ ಕಂಪನಿಗೆ ಬೇಕಾದ್ರೂ ಹೋಗ್ಬಹುದು. ಲೇಆಫ್ ಆಗಿ 60 ದಿನದ ಗಡುವು ತಲೆ ಮೇಲೆ ತೂಗೋ ಮನೆಗಳಿಗೆ ಇದು ಎಂಥಾ ನೆಮ್ಮದಿ ಅಂತ ಅನುಭವಿಸಿದವರಿಗೇ ಗೊತ್ತು.

ಆದ್ರೆ ಇಎಡಿ ವಿಷಯದಲ್ಲಿ ಹಳೇ ಮಾತು ಕೇಳ್ಕೊಂಡು ಕೂತ್ರೆ ಕಷ್ಟ. 2023ರಲ್ಲಿ ಇಎಡಿ ಐದು ವರ್ಷಕ್ಕೆ ಕೊಡೋಕೆ ಶುರು ಮಾಡಿದ್ರು, 2025ರ ಡಿಸೆಂಬರ್ 5ರಿಂದ ಅದನ್ನ ಗರಿಷ್ಠ 18 ತಿಂಗಳಿಗೆ ಇಳಿಸಿದ್ದಾರೆ. ಅದಕ್ಕೂ ಮುಂಚೆ, 2025ರ ಅಕ್ಟೋಬರ್ 30ರಿಂದ, ರಿನ್ಯೂವಲ್ ಹಾಕಿದ ತಕ್ಷಣ ತಾನಾಗೇ ಸಿಗ್ತಿದ್ದ 540 ದಿನದ ಎಕ್ಸ್‌ಟೆನ್ಷನ್ನೂ ನಿಲ್ಲಿಸಿದ್ರು. ಅಂದ್ರೆ ಈಗ ಕಾರ್ಡ್ ಎಕ್ಸ್‌ಪೈರ್ ಆಗೋ ಮುಂಚೆ ಹೊಸದು ಕೈಗೆ ಬರಲಿಲ್ಲ ಅಂದ್ರೆ ಮಾರನೇ ದಿನದಿಂದ ಕೆಲಸ ಮಾಡೋ ಹಾಗಿಲ್ಲ. ಬ್ಯಾಕ್‌ಲಾಗ್ ಇದ್ರೆ ಈ ರಿನ್ಯೂವಲ್ ಒಂದು ಸಲಕ್ಕೆ ಮುಗಿಯೋದೂ ಅಲ್ಲ. ಎಕ್ಸ್‌ಪೈರಿಗೆ 180 ದಿನ ಮುಂಚೆ ಅರ್ಜಿ ಹಾಕೋಕೆ ಬಿಡ್ತಾರೆ, ಆ 180ನೇ ದಿನಕ್ಕೇ ಫೋನಲ್ಲಿ ಅಲಾರಂ ಇಟ್ಬಿಡಿ, ಗಂಡ ಹೆಂಡತಿ ಇಬ್ಬರದ್ದೂ.

ಅದಕ್ಕೇ ನಾನು ಎಲ್ಲರಿಗೂ ಒತ್ತಿ ಹೇಳೋದು, ಎಚ್-1ಬಿ ಸಾಧ್ಯ ಆದಷ್ಟು ದಿನ ಬಿಡ್ಬೇಡಿ. ಇಎಡಿ ನಿಂತಿರೋದು ಐ-485 ಮೇಲೆ, ಐ-485 ನಿಂತಿರೋದು ಐ-526ಇ ಮೇಲೆ. ದುಡ್ಡಿನ ಮೂಲ ತೃಪ್ತಿ ಆಗಲಿಲ್ಲ ಅಂತಲೋ ಪ್ರಾಜೆಕ್ಟ್ ಕೈಕೊಡ್ತು ಅಂತಲೋ ಐ-526ಇ ಡಿನೈ ಆದ್ರೆ ಮೇಲಿಂದೆಲ್ಲ ಒಟ್ಟಿಗೆ ಬೀಳತ್ತೆ, ಆಗ ಕಾಲ ಕೆಳಗೆ ಬೇರೆ ಸ್ಟೇಟಸ್ ಇದ್ರೆ ಉಳ್ಕೋತೀರಿ. ಇಲ್ಲೇ ಇಬಿ-2 ಫೈಲ್‌ನ ಬೆಲೆ. ಎಚ್-1ಬಿ ಆರು ವರ್ಷ ದಾಟಿ ಮುಂದುವರಿಸೋಕೆ ಸಾಮಾನ್ಯವಾಗಿ ಐ-140 (ಇಬಿ-2ನಂಥ ಕ್ಯಾಟಗರಿಗೆ ಕಂಪನಿ ಹಾಕೋ ಪಿಟಿಶನ್) ಬೇಕು, ಐ-526ಇ ಅದಕ್ಕೆ ಆಗಲ್ಲ. ಅಪ್ರೂವ್ ಆದ ಐ-140 ಇದ್ರೆ ಇಬಿ-5 ಹಾಕಿದ ಖುಷಿಲಿ ಅದನ್ನ ನಿರ್ಲಕ್ಷ್ಯ ಮಾಡ್ಬೇಡಿ, ಐ-140 ಇಲ್ಲದೆ ಆರನೇ ವರ್ಷದ ಹತ್ರ ಇರೋರು ಆ ದಿನ ಬರೋ ಮುಂಚೆನೇ ಲಾಯರ್ ಹತ್ರ ಕೂತು ಮಾತಾಡಿ.

ಊರಿಗೆ ಬರೋ ವಿಷಯ. ಅಪ್ಪ ಅಮ್ಮಂಗೆ ಹುಷಾರಿಲ್ಲ ಅಂತ ಫೋನ್ ಬಂದಾಗ ಯಾರೂ ರೂಲ್ ಬುಕ್ ತೆಗೆದು ನೋಡಲ್ಲ, ಅದಕ್ಕೇ ಈಗಲೇ ತಿಳ್ಕೊಂಡಿರಿ. ಅಡ್ವಾನ್ಸ್ ಪೆರೋಲ್ ಕೈಲಿ ಇಲ್ಲದೆ ಹೊರಗೆ ಹೋದ್ರೆ ಐ-485 ಕೈಬಿಟ್ಟ ಹಾಗೆ ಲೆಕ್ಕ. ಎಚ್-1ಬಿ, ಎಚ್-4, ಎಲ್-1, ಎಲ್-2 ಸ್ಟೇಟಸ್ ಕಾಪಾಡ್ಕೊಂಡು ಅದೇ ವೀಸಾ ಮೇಲೆ ವಾಪಸ್ ಬರೋರಿಗೆ ಮಾತ್ರ ಇದರಿಂದ ವಿನಾಯ್ತಿ. ಮಗ ಎಫ್-1 ಮೇಲೆ ಓದ್ತಾ ಇದ್ದು ಅವನ ಐ-485 ಪೆಂಡಿಂಗ್ ಇದ್ರೆ ಅವನಿಗೆ ಆ ವಿನಾಯ್ತಿ ಇಲ್ಲ, ಅಡ್ವಾನ್ಸ್ ಪೆರೋಲ್ ಬರೋವರೆಗೂ ಅಲ್ಲೇ ಇರ್ಬೇಕು. ಅರ್ಜಿ ಹಾಕಿ ಅದು ಬರೋ ಮುಂಚೆ ಹೊರಟ್ರೂ ಆ ಅರ್ಜಿ ಬಿದ್ದುಹೋಗತ್ತೆ. ಐ-485 ಹಾಕಿಲ್ಲ, ಐ-526ಇ ಮಾತ್ರ ಹಾಕಿದೀವಿ ಅನ್ನೋರ ಕಥೆ ಬೇರೆ: ಮಗಳು ಎಫ್-1 ಸ್ಟಾಂಪಿಂಗ್‌ಗೆ ಅಂತ ಚೆನ್ನೈಗೋ ಹೈದರಾಬಾದ್‌ಗೋ ಹೋದ್ರೆ, ಗ್ರೀನ್ ಕಾರ್ಡ್ ಅರ್ಜಿ ಹಾಕಿದವರು ಓದಿ ವಾಪಸ್ ಬರ್ತಾರೆ ಅಂತ ಆಫೀಸರ್ ನಂಬೋದು ಕಷ್ಟ, ಫಾರ್ಮ್‌ನಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯೋ ಹಾಗಂತೂ ಇಲ್ಲವೇ ಇಲ್ಲ. ಅಂಥ ಟ್ರಿಪ್ ಇದ್ರೆ ಸ್ಟಾಂಪಿಂಗ್ ಮುಗಿಸ್ಕೊಂಡು ಆಮೇಲೆ ಫೈಲ್ ಮಾಡೋದು ಜಾಣತನ.

ಮಕ್ಕಳ ವಯಸ್ಸು, ಇದನ್ನ ಎರಡು ಸಲ ಓದಿ

ಬ್ಯಾಕ್‌ಲಾಗ್‌ನಿಂದ ದುಡ್ಡಿಗೆ ಆಗೋ ನಷ್ಟ ಹೇಗೋ ತಡ್ಕೋಬಹುದು. ಮಗುಗೆ 21 ತುಂಬಿ ಫೈಲ್‌ನಿಂದ ಹೊರಗೆ ಬಿದ್ರೆ ಅದನ್ನ ಸರಿ ಮಾಡೋಕಾಗಲ್ಲ, ಇಷ್ಟೆಲ್ಲ ಮಾಡಿದ್ದೇ ಆ ಮಗುಗೋಸ್ಕರ ಆಗಿರತ್ತೆ. ಸಿಎಸ್‌ಪಿಎ ಅಂತ 2002ರ ಕಾನೂನು ಇದೆ, ಅದರ ಲೆಕ್ಕ ಸರಳ: ವೀಸಾ ನಂಬರ್ ಲಭ್ಯ ಆದ ದಿನ ಮಗುವಿನ ವಯಸ್ಸು ಎಷ್ಟೋ ಅದರಲ್ಲಿ ಪಿಟಿಶನ್ ಪೆಂಡಿಂಗ್ ಇದ್ದ ಕಾಲವನ್ನ ಕಳೀಬೇಕು. ಉಳಿದದ್ದು 21ಕ್ಕಿಂತ ಕಮ್ಮಿ ಇದ್ದು, ಮಗು ಮದುವೆ ಆಗಿಲ್ಲದಿದ್ರೆ ಬಚಾವ್. ಲಭ್ಯ ಆದ ದಿನ ಅಂದ್ರೆ ಪಿಟಿಶನ್ ಅಪ್ರೂವ್ ಆದ ದಿನ, ಡೇಟ್ ಕರೆಂಟ್ ಆದ ತಿಂಗಳ ಮೊದಲನೇ ದಿನ, ಇವೆರಡರಲ್ಲಿ ಯಾವುದು ಆಮೇಲೆ ಬಂತೋ ಅದು.

ಒಂದು ಲೆಕ್ಕ ಮಾಡಿ ನೋಡೋಣ. ಮಗಳಿಗೆ ವೀಸಾ ಲಭ್ಯ ಆದಾಗ 22 ವರ್ಷ 4 ತಿಂಗಳು, ಪಿಟಿಶನ್ ಎರಡೂವರೆ ವರ್ಷ ಪೆಂಡಿಂಗ್ ಇತ್ತು, ಕಳೆದ್ರೆ 19 ವರ್ಷ 10 ತಿಂಗಳು, ಪಾಸ್. ಈಗ ಇನ್ನೊಂದು ಮನೆ. ಗ್ರಾಮೀಣ ಪ್ರಾಜೆಕ್ಟ್, ಅದಕ್ಕೆ ಯುಎಸ್‌ಸಿಐಎಸ್ ಆದ್ಯತೆ ಕೊಟ್ಟು ನೋಡ್ಬೇಕು ಅಂತ ಕಾನೂನೇ ಇದೆ, ಎಂಟೇ ತಿಂಗಳಲ್ಲಿ ಅಪ್ರೂವ್ ಆಯ್ತು ಅಂತ ಇಟ್ಕೊಳ್ಳಿ. ಫೈಲ್ ಮಾಡಿದಾಗ ಮಗನಿಗೆ ಹತ್ತೊಂಬತ್ತೂವರೆ, ಅಪ್ರೂವ್ ಆದಾಗ 20 ವರ್ಷ 2 ತಿಂಗಳು. ಆ ದಿನ ಕ್ಯಾಟಗರಿ ಕರೆಂಟ್ ಇದ್ರೆ ಎಂಟು ತಿಂಗಳು ಕಳೆದು ಹತ್ತೊಂಬತ್ತೂವರೆಗೇ ವಯಸ್ಸು ನಿಂತುಹೋಗತ್ತೆ. ಆದ್ರೆ ಆ ಹೊತ್ತಿಗೆ ಗ್ರಾಮೀಣಕ್ಕೂ ತಾರೀಕು ಬಿದ್ದು ಎರಡು ವರ್ಷ ಕಾಯೋ ಹಾಗಾದ್ರೆ? 22 ವರ್ಷ 2 ತಿಂಗಳಲ್ಲಿ ಎಂಟು ತಿಂಗಳು ಕಳೆದ್ರೆ ಇಪ್ಪತ್ತೊಂದೂವರೆ. ಹೋಯ್ತು. ಬೇಗ ಅಪ್ರೂವ್ ಆಗಿದ್ದೇ ಇಲ್ಲಿ ಮುಳುವಾಯ್ತು ನೋಡಿ. ಮೊದಲನೇ ಕ್ಯೂನಲ್ಲಿ ಕಳೆದ ಕಾಲ ಮಗುವಿನ ವಯಸ್ಸಿಂದ ಮೈನಸ್ ಆಗತ್ತೆ, ಎರಡನೇ ಕ್ಯೂನಲ್ಲಿ ಕಳೆದ ಕಾಲ ಮೈನಸ್ ಆಗಲ್ಲ. ಹದಿನೇಳು ಹದಿನೆಂಟು ದಾಟಿದ ಮಕ್ಕಳಿರೋ ಮನೇಲಿ ಈ ಲೆಕ್ಕವನ್ನ ಪ್ರತಿ ಬುಲೆಟಿನ್ ಬಂದಾಗ ಮತ್ತೆ ಮಾಡ್ಬೇಕು. ಐ-485 ಜೊತೆಗೇ ಹಾಕಿದೀವಲ್ಲ, ವಯಸ್ಸು ಅವತ್ತೇ ಲಾಕ್ ಆಯ್ತು ಅಂತ ತುಂಬಾ ಜನ ನಂಬಿದ್ದಾರೆ, ಅದು ತಪ್ಪು, ಅಪ್ರೂವಲ್ಲೂ ಬೇಕು, ಡೇಟೂ ಕರೆಂಟ್ ಇರ್ಬೇಕು.

ಇನ್ನೊಂದು ಬದಲಾವಣೆ ಗಮನಿಸಿ. 2023ರ ಫೆಬ್ರವರಿಲಿ ಯುಎಸ್‌ಸಿಐಎಸ್ ಈ ಲೆಕ್ಕಕ್ಕೆ ಡೇಟ್ಸ್ ಫಾರ್ ಫೈಲಿಂಗ್ ಟೇಬಲ್ಲನ್ನ ಬಳಸೋಕೆ ಒಪ್ಪಿತ್ತು, ಅದರಿಂದ ಎಷ್ಟೋ ಮಕ್ಕಳು ಉಳ್ಕೊಂಡ್ರು. 2025ರ ಆಗಸ್ಟ್ 15ರಿಂದ ಹಾಕಿದ ಅರ್ಜಿಗಳಿಗೆ ಮತ್ತೆ ಫೈನಲ್ ಆಕ್ಷನ್ ಟೇಬಲ್ಲೇ ಲೆಕ್ಕ, ಅದಕ್ಕೂ ಮುಂಚೆ ಐ-485 ಹಾಕಿ ಪೆಂಡಿಂಗ್ ಇದ್ದವರಿಗೆ ಹಳೇ ನಿಯಮವೇ. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಲೆಕ್ಕ ಹಾಕ್ಕೊಂಡಿದ್ರೆ ಮತ್ತೆ ಹಾಕಿ. ಮತ್ತೆ, ವೀಸಾ ಲಭ್ಯ ಆಗಿ ಒಂದು ವರ್ಷದ ಒಳಗೆ ಐ-485 ಅಥವಾ ಡಿಎಸ್-260 (ಅಮೆರಿಕದ ಹೊರಗೆ ಇರೋರು ತುಂಬೋ ವೀಸಾ ಅರ್ಜಿ) ಹಾಕಿ "ನಮಗೆ ಬೇಕು" ಅಂತ ತೋರಿಸ್ಲೇಬೇಕು, ಅದನ್ನ ಮಿಸ್ ಮಾಡಿದ್ರೆ ವಯಸ್ಸಿನ ಲೆಕ್ಕ ಎಷ್ಟೇ ಚೆನ್ನಾಗಿದ್ರೂ ಉಪಯೋಗ ಇಲ್ಲ.

ಮಗು ಹೇಗೂ 21 ದಾಟತ್ತೆ ಅನ್ನೋ ಪರಿಸ್ಥಿತಿ ಇದ್ರೆ ಕೆಲವರು ಮಗ ಅಥವಾ ಮಗಳನ್ನೇ ಇನ್ವೆಸ್ಟರ್ ಮಾಡಿ, ಹಣವನ್ನ ಅಪ್ಪ ಅಮ್ಮ ಗಿಫ್ಟ್ ಕೊಡ್ತಾರೆ. ಕಾನೂನು ಪ್ರಕಾರ ಸರಿ. ಅಪ್ಪ ಅಮ್ಮಂಗೆ ಅದರಲ್ಲಿ ಗ್ರೀನ್ ಕಾರ್ಡ್ ಬರಲ್ಲ, ಅದು ಗೊತ್ತಿರ್ಲಿ. ಮದುವೆ ವಿಷಯವೂ ಮೊದಲೇ ಮಾತಾಡ್ಕೊಳ್ಳಿ, ಇನ್ವೆಸ್ಟರ್ ಆಗಿರೋ ಹುಡುಗ ಗ್ರೀನ್ ಕಾರ್ಡ್ ಬರೋ ಮುಂಚೆ ಮದುವೆ ಆದ್ರೆ ಹೆಂಡತಿ ಇದೇ ಫೈಲ್‌ನಲ್ಲಿ ಸೇರ್ತಾಳೆ, ಬಂದ್ಮೇಲೆ ಆದ್ರೆ ಬೇರೆ ಫ್ಯಾಮಿಲಿ ಕ್ಯಾಟಗರಿಲಿ ಬೇರೆ ಕ್ಯೂ.

ಹುಟ್ಟಿದ ದೇಶ ಚೆಕ್ ಮಾಡಿ

ಇದು ನಮ್ಮ ಕರಾವಳಿ ಕಡೆಯವರಿಗೆ ತುಂಬಾ ಉಪಯೋಗಕ್ಕೆ ಬರತ್ತೆ. ಕ್ಯೂ ನಿರ್ಧಾರ ಆಗೋದು ಪಾಸ್‌ಪೋರ್ಟ್‌ನಿಂದ ಅಲ್ಲ, ಹುಟ್ಟಿದ ಜಾಗದಿಂದ. ನೀವು ಉಡುಪಿಲಿ ಹುಟ್ಟಿ, ನಿಮ್ಮ ಹೆಂಡತಿ ಅವರಪ್ಪ ಕೆಲಸದಲ್ಲಿದ್ದಾಗ ಕುವೈತ್‌ನಲ್ಲೋ ಮಸ್ಕತ್‌ನಲ್ಲೋ ದುಬೈನಲ್ಲೋ ಹುಟ್ಟಿದ್ರೆ, ಇಬ್ಬರೂ ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡಿದ್ರೂ ಇಡೀ ಕುಟುಂಬವನ್ನ ಆ ದೇಶದ ಲೆಕ್ಕಕ್ಕೆ ಹಾಕಿ ಅಂತ ಕೇಳ್ಬಹುದು, ಕ್ರಾಸ್ ಚಾರ್ಜಬಿಲಿಟಿ ಅಂತಾರೆ. ಆಗ ಇಂಡಿಯಾ ಕಾಲಂ ಬಿಟ್ಟು ಮೊದಲನೇ ಕಾಲಂ ನೋಡಿದ್ರಾಯ್ತು. ಗಂಡ ಹೆಂಡತಿ ಒಬ್ಬರದ್ದು ಇನ್ನೊಬ್ಬರಿಗೆ, ಅಪ್ಪ ಅಮ್ಮಂದು ಮಕ್ಕಳಿಗೆ ನಡೆಯತ್ತೆ, ಮಕ್ಕಳು ಸಿಂಗಾಪುರದಲ್ಲಿ ಹುಟ್ಟಿದ್ದಾರೆ ಅಂತ ಅಪ್ಪ ಅಮ್ಮಂಗೆ ನಡೆಯಲ್ಲ. ಲಾಯರ್‌ಗೆ ಇದು ತಾನಾಗೇ ಹೊಳೆಯತ್ತೆ ಅಂತ ಬಿಡ್ಬೇಡಿ, ನೀವೇ ಬಾಯಿಬಿಟ್ಟು ಕೇಳಿ, ಗಲ್ಫ್ ದೇಶದ ಬರ್ತ್ ಸರ್ಟಿಫಿಕೇಟ್ ಮನೇಲಿ ಎಲ್ಲಿದೆ ಅಂತ ಹುಡುಕಿಡಿ.

ದುಡ್ಡು ಎಷ್ಟು ದಿನ ಸಿಕ್ಕಿಹಾಕೊಳತ್ತೆ

2022ಕ್ಕೆ ಮುಂಚೆ ಹಾಕಿದವರಿಗೆ ಇದೇ ದೊಡ್ಡ ತಲೆನೋವು, ಷರತ್ತಿನ ಗ್ರೀನ್ ಕಾರ್ಡ್ ಬಂದು ಅದರ ಎರಡು ವರ್ಷ ಮುಗಿಯೋವರೆಗೂ ಹೂಡಿಕೆ ರಿಸ್ಕ್‌ನಲ್ಲೇ ಇರ್ಬೇಕು. ಕ್ಯೂ ಉದ್ದ ಆದಷ್ಟೂ ದುಡ್ಡೂ ಅಲ್ಲೇ. ಪ್ರಾಜೆಕ್ಟ್ ಸಾಲ ತೀರಿಸಿಬಿಟ್ರೂ ಹಣ ನಿಮ್ಮ ಕೈಗೆ ಬರಲ್ಲ, ಬೇರೆ ಕಡೆ ಮತ್ತೆ ತೊಡಗಿಸ್ತಾರೆ, ರೀಡಿಪ್ಲಾಯ್‌ಮೆಂಟ್ ಅನ್ನೋದು ಅದಕ್ಕೇ. ಆರ್‌ಐಎ ಆದ್ಮೇಲೆ ಹಾಕಿದವರಿಗೆ ಕನಿಷ್ಠ ಎರಡು ವರ್ಷ ಇದ್ರೆ ಸಾಕು ಅಂತ ಯುಎಸ್‌ಸಿಐಎಸ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ, ಅಂದ್ರೆ ವೀಸಾ ಕ್ಯೂಗೂ ದುಡ್ಡಿಗೂ ಇದ್ದ ಗಂಟು ಬಿಚ್ಚಿತು. ಹಾಗಂತ ಎರಡು ವರ್ಷಕ್ಕೆ ಚೆಕ್ ಬರತ್ತೆ ಅಂತ ಕಾಯ್ಬೇಡಿ, ಕಾನೂನು ಏನೇ ಹೇಳಲಿ ನೀವು ಸೈನ್ ಹಾಕಿರೋ ಪಾರ್ಟ್‌ನರ್‌ಶಿಪ್ ಅಗ್ರಿಮೆಂಟ್‌ನಲ್ಲಿ ಐದು ವರ್ಷ, ಜೊತೆಗೆ ಎಕ್ಸ್‌ಟೆನ್ಷನ್ ಅಂತ ಇದ್ರೆ ಅದೇ ನಡೆಯೋದು. ಇವತ್ತೇ ಆ ಪಿಡಿಎಫ್ ತೆಗೆದು ಹಣ ವಾಪಸ್ ಬರೋ ಷರತ್ತು, ರೀಡಿಪ್ಲಾಯ್‌ಮೆಂಟ್ ಯಾರ ಒಪ್ಪಿಗೆ ಮೇಲೆ ಅನ್ನೋ ಷರತ್ತು, ಈ ಎರಡನ್ನ ಓದಿ.

ವರ್ಷಕ್ಕೆ ಎರಡು ಸಲ ಆದ್ರೂ ನಿಮ್ಮ ರೀಜನಲ್ ಸೆಂಟರ್ ಇನ್ನೂ ಚಾಲ್ತಿಲಿ ಇದೆಯಾ ಅಂತ ಯುಎಸ್‌ಸಿಐಎಸ್ ಪಟ್ಟಿಲಿ ನೋಡ್ಕೊಳ್ಳಿ. ಅದು ಟರ್ಮಿನೇಟ್ ಆದ್ರೆ ನಿಮಗೆ ನೋಟಿಸ್ ಬರತ್ತೆ, ಅಲ್ಲಿಂದ 180 ದಿನದ ಒಳಗೆ ಬೇರೆ ಸೆಂಟರ್ ಜೊತೆ ಸೇರೋದೋ ಪಿಟಿಶನ್ ತಿದ್ದೋದೋ ಮಾಡಿದ್ರೆ ಪ್ರಯಾರಿಟಿ ಡೇಟ್ ಉಳಿಯತ್ತೆ. ನೋಟಿಸ್ ಬರೋದು ಪೋಸ್ಟ್‌ನಲ್ಲಿ, ಮನೆ ಬದಲಾಯಿಸಿ ಅಡ್ರೆಸ್ ತಿಳಿಸದೆ ಇದ್ರೆ ಆ 180 ದಿನ ಹಳೇ ಬಾಡಿಗೆ ಮನೆ ಮೇಲ್‌ಬಾಕ್ಸ್‌ನಲ್ಲೇ ಕಳೆದುಹೋಗತ್ತೆ. ಅಮೆರಿಕದಲ್ಲಿ ಇರೋರು ಮನೆ ಬದಲಾದ ಹತ್ತು ದಿನದ ಒಳಗೆ ಎಆರ್-11 ಅನ್ನೋ ಅಡ್ರೆಸ್ ಬದಲಾವಣೆ ಫಾರ್ಮ್ ಹಾಕ್ಲೇಬೇಕು, ಅದು ಆನ್‌ಲೈನ್‌ನಲ್ಲೇ ಆಗತ್ತೆ.

ಊರಲ್ಲೇ ಕಾಯ್ತಾ ಇರೋರು

ನಿಮ್ಮ ಪಿಟಿಶನ್ ಅಪ್ರೂವ್ ಆದ್ಮೇಲೆ ಫೈಲ್ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗತ್ತೆ, ಫೀ ಕಟ್ಟಿ ಡಿಎಸ್-260 ತುಂಬಿ ಕಾಗದ ಅಪ್‌ಲೋಡ್ ಮಾಡ್ಬೇಕು, ಡೇಟ್ ಕರೆಂಟ್ ಆದಾಗ ಇಂಟರ್‌ವ್ಯೂ ಮುಂಬೈ ಕಾನ್ಸುಲೇಟ್‌ನಲ್ಲಿ. ಇಂಟರ್‌ವ್ಯೂ ಹತ್ರ ಬಂದಾಗ ಡೇಟ್ ಹಿಂದೆ ಹೋದ್ರೆ ಸುಮ್ನೆ ಮತ್ತೆ ಕಾಯೋದೇ, ಇಲ್ಲಿ ಇಎಡಿ ಥರ ಮಧ್ಯಂತರ ಪರಿಹಾರ ಏನೂ ಇಲ್ಲ. ಅದಕ್ಕೇ ಮೆಡಿಕಲ್, ಪಾಸ್‌ಪೋರ್ಟ್ ಸೇವಾ ಕೇಂದ್ರದ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಇವೆಲ್ಲ ಅವಧಿ ಇರೋ ಕಾಗದಗಳು, ತೀರಾ ಮುಂಚೆ ಮಾಡಿಸಿ ಇಟ್ಕೊಳ್ಳೋದ್ರಿಂದ ಲಾಭ ಇಲ್ಲ. ವೀಸಾ ಲಭ್ಯ ಇದೆ ಅಂತ ಸೂಚನೆ ಬಂದ್ಮೇಲೆ ಒಂದು ವರ್ಷ ಪ್ರತಿಕ್ರಿಯೆ ಇಲ್ಲದೆ ಬಿಟ್ರೆ ಫೈಲನ್ನೇ ಕ್ಲೋಸ್ ಮಾಡೋಕೆ ಅವರಿಗೆ ಅವಕಾಶ ಇದೆ, ಇಮೇಲ್ ಸ್ಪ್ಯಾಮ್ ಫೋಲ್ಡರ್ ನೋಡ್ತಾ ಇರಿ.

ಆದ್ರೆ ಅವಧಿ ಇಲ್ಲದ ಕಾಗದಗಳನ್ನ ಸರಿಮಾಡ್ಕೊಳ್ಳೋಕೆ ಈ ಕಾಯೋ ಕಾಲವೇ ಸರಿಯಾದ ಕಾಲ. ನಮ್ಮ ಕಡೆ ಹೆಸರಿನದ್ದೇ ದೊಡ್ಡ ಸಮಸ್ಯೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿರತ್ತೆ, ಕ್ರಯಪತ್ರದಲ್ಲಿ "ಬಿನ್ ಲೇಟ್ ಇಂಥವರು" ಅಂತ ಇರತ್ತೆ, ಆಧಾರ್‌ನಲ್ಲಿ ಇನ್ನೊಂದು ಥರ. ಅಮೆರಿಕದ ಆಫೀಸರ್‌ಗೆ ಇವು ನಾಲ್ಕು ಬೇರೆ ಬೇರೆ ಮನುಷ್ಯರು. 1980ಕ್ಕೆ ಮುಂಚೆ ಹಳ್ಳಿಲಿ ಹುಟ್ಟಿದ ಎಷ್ಟೋ ಜನಕ್ಕೆ ಬರ್ತ್ ಸರ್ಟಿಫಿಕೇಟೇ ಇಲ್ಲ, ಇದ್ರೂ ಮಗುವಿನ ಹೆಸರಿನ ಜಾಗ ಖಾಲಿ. ಮೊದಲು ಇ-ಜನ್ಮದಲ್ಲಿ ಅಥವಾ ತಾಲ್ಲೂಕಿನಲ್ಲಿ ವಿಚಾರಿಸಿ, ದಾಖಲೆ ಇಲ್ಲ ಅಂದ್ರೆ "ಲಭ್ಯವಿಲ್ಲ" ಅನ್ನೋ ಪ್ರಮಾಣಪತ್ರ ತಗೊಂಡು, ಶಾಲೆ ದಾಖಲೆ ಜೊತೆಗೆ ಹುಟ್ಟು ಗೊತ್ತಿರೋ ಹಿರಿಯರಿಂದ ಅಫಿಡವಿಟ್ ಮಾಡಿಸಿಡಿ. ಅಪ್ಪ ಅಮ್ಮ, ಸೋದರಮಾವ, ದೊಡ್ಡಮ್ಮ ಯಾರಿಗೆ ಸಾಧ್ಯವೋ ಅವರಿಂದ ಈಗಲೇ ಮಾಡಿಸಿ, ಕ್ಯೂ ಐದು ವರ್ಷ ಎಳೆದ್ರೆ ಆಗ ಸೈನ್ ಹಾಕೋಕೆ ಅವರು ಇರ್ಬೇಕಲ್ಲ.

ದುಡ್ಡಿನ ಮೂಲದ ಕಾಗದವೂ ಹಾಗೇ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎಲ್‌ಆರ್‌ಎಸ್‌ನಲ್ಲಿ (ಹೊರದೇಶಕ್ಕೆ ಹಣ ಕಳಿಸೋಕೆ ಆರ್‌ಬಿಐ ಇಟ್ಟಿರೋ ಯೋಜನೆ) ಕಳಿಸೋಕಾಗೋದು ಎರಡೂವರೆ ಲಕ್ಷ ಡಾಲರ್, ಆದ್ದರಿಂದ ತುಂಬಾ ಮನೆಗಳಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಎಲ್ಲರ ಅಕೌಂಟಿಂದ ಗಿಫ್ಟ್ ಆಗಿ ಹೋಗಿರತ್ತೆ. ಪ್ರತಿಯೊಬ್ಬರ ಹಣ ಎಲ್ಲಿಂದ ಬಂತು ಅಂತ ಆರ್‌ಎಫ್‌ಇಲಿ (ಇನ್ನಷ್ಟು ದಾಖಲೆ ಕೊಡಿ ಅಂತ ಯುಎಸ್‌ಸಿಐಎಸ್ ಕಳಿಸೋ ನೋಟಿಸ್) ಕೇಳ್ತಾರೆ, ಅದು ನೀವು ಎಲ್ಲ ಮರೆತ ಮೇಲೂ ಬರಬಹುದು. ಕ್ರಯಪತ್ರ, ಕಾವೇರಿಯಿಂದ ತೆಗೆದ ಇಸಿ, ಖಾತಾ, ಜಮೀನಾದ್ರೆ ಪಹಣಿ, ಗಿಫ್ಟ್ ಡೀಡ್, ಐಟಿಆರ್, ಬ್ಯಾಂಕಿನ ಎ-2 ಫಾರ್ಮ್, ಟಿಸಿಎಸ್ ಕಟ್ಟಿದ ದಾಖಲೆ, ಎಲ್ಲದರ ಸ್ಕ್ಯಾನ್ ಒಂದು ಫೋಲ್ಡರ್‌ನಲ್ಲಿ ಇಟ್ಟು ಮನೇಲಿ ಇನ್ನೊಬ್ಬರಿಗೂ ಅದರ ಜಾಗ ಹೇಳಿಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಅಕೌಂಟ್ ಕ್ಲೋಸ್ ಮಾಡಿ ನಾಲ್ಕು ವರ್ಷ ಆದ್ಮೇಲೆ ಬ್ರಾಂಚಿಗೆ ಹೋಗಿ ಹಳೇ ಸ್ಟೇಟ್‌ಮೆಂಟ್ ಕೇಳಿದ್ರೆ ಒಂದೊಂದು ಪೇಜಿಗೂ ಅಲೆದಾಡಿಸ್ತಾರೆ. ಕನ್ನಡದಲ್ಲಿರೋ ಕ್ರಯಪತ್ರಕ್ಕೆ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರ ಸಹಿ ಇರೋ ದೃಢೀಕರಣ ಎರಡೂ ಬೇಕು, ಅನುವಾದ ಮಾಡಿಸಿದ ಮೇಲೆ ಸರ್ವೆ ನಂಬರ್, ಗುಂಟೆ ಲೆಕ್ಕ, ಹೆಸರಿನ ಸ್ಪೆಲ್ಲಿಂಗ್ ಮೂಲದ ಜೊತೆ ಸಾಲು ಸಾಲಾಗಿ ತಾಳೆ ನೋಡಿ.